ದಿಂಬಿಗೆ ಕ್ಲಿಂಗಾನಿನಲ್ಲಿ ಏನನ್ನುವುದು

ಇಪ್ಪತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದ ಕೈ ಅದು. ಅಂಗಿ ಕೈಗೆ ಬಂದರೆ ಮೊದಲು ಕಾಲರ್, ಆಮೇಲೆ ತೋಳಿನ ಪಟ್ಟಿ, ಆಮೇಲೆ ತೋಳು, ಕಡೆಗೆ ಬೆನ್ನು. ಈ ಕ್ರಮ ತಪ್ಪಿದರೆ ಅವತ್ತು ಅವಳಿಗೆ ಊಟ ಸೇರುವುದಿಲ್ಲ. ಅವಳನ್ನು ನಾವು ಅಕ್ಕ ಅಂತಲೇ ಕರೆಯೋಣ. ಬೀದಿಯ ಜನ ಅವಳನ್ನು ಲಾಂಡ್ರಿಯವಳು ಅನ್ನುತ್ತಾರೆ, ಮಾಲೀಕ ಏನಮ್ಮಾ ಅನ್ನುತ್ತಾನೆ. ಅಕ್ಕ ಎಂದು ಕರೆಯುವ ಹಕ್ಕು ಇದ್ದದ್ದು ಇಡೀ ಲೋಕದಲ್ಲಿ ಒಬ್ಬಳಿಗೇ, ತಂಗಿಗೆ. ಅದರಲ್ಲಿ ಇನ್ನೊಬ್ಬ ಬಂದು ಪಾಲು ಕೇಳಿದಾಗ ಅಕ್ಕ ಏನು ಮಾಡಿದಳು ಅನ್ನುವುದನ್ನು ಹೇಳುತ್ತೇನೆ. ಮೆಚ್ಚುವ ಕೆಲಸವನ್ನೇನೂ ಮಾಡಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ತಂಗಿಗೆ ಹತ್ತು. ಇಬ್ಬರೂ ಸೋದರತ್ತೆಯ ಒಂದು ಕೋಣೆಯ ಮನೆಗೆ ಬಂದು ಬಿದ್ದರು. ಅತ್ತೆ ಕೆಟ್ಟವಳಲ್ಲ, ಆದರೆ ಅವಳ ಕಿವಿ ಇತ್ತಲ್ಲ, ಅದಕ್ಕೆ ಬಿಡುವೇ ಇರಲಿಲ್ಲ. ಹುಡುಗಿಯರು ಗುಸುಗುಸು ಅಂದರೆ ಸಾಕು, "ಏನದು? ನಂಗೂ ಹೇಳಿ" ಎಂದು ಮಧ್ಯೆ ಬಂದು ಕೂರುತ್ತಿದ್ದಳು. ಅಮ್ಮನನ್ನು ನೆನೆಸಿಕೊಂಡು ಅಳಬೇಕಾದರೂ ಅತ್ತೆಗೆ ವರದಿ ಒಪ್ಪಿಸಬೇಕು. ಹಾಗಿರುವಾಗ ಹಳೆ ಪುಸ್ತಕದ ರಾಶಿಯಲ್ಲಿ ಅಕ್ಕನಿಗೆ ರಟ್ಟು ಹರಿದ ಒಂದು ನಿಘಂಟು ಸಿಕ್ಕಿತು. ಕ್ಲಿಂಗಾನ್ ಭಾಷೆಯದು. ಆಕಾಶಯಾನದ ಸಿನಿಮಾ, ಧಾರಾವಾಹಿಗಳಲ್ಲಿ ಬರುವ ಯೋಧರಿಗಾಗಿ ಯಾರೋ ಪುಣ್ಯಾತ್ಮರು ಕೂತು ಹುಟ್ಟಿಸಿದ ಭಾಷೆ ಅದು. ಆಡುವುದಾದರೆ ಗಂಟಲಿನ ತಳದಿಂದ ಆಡಬೇಕು, ಎದುರಿಗಿದ್ದವನು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಅಕ್ಕ ತಂಗಿ ಇಬ್ಬರೂ ಒಂದೇ ವರ್ಷದಲ್ಲಿ ಅದನ್ನು ಅರೆದು ಕುಡಿದರು. "ಇವರಿಬ್ಬರ ಗಂಟಲಲ್ಲಿ ಹಂಡೆ ನೀರು ಕುದೀತಾ ಇದೆ ಕಣೇ" ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಮೂಗು ಮುರಿದಳು. ಹುಡುಗಿಯರಿಗೆ ಸ್ವರ್ಗಕ್ಕೆ ಮೂರೇ ಗೇಣು. ಮೊಟ್ಟಮೊದಲ ಸಲ ಅವರದೇ ಅಂತ ಒಂದು ಬಾಗಿಲು ಹಾಕಿಕೊಂಡ ಕೋಣೆ ಸಿಕ್ಕಿತ್ತು.

ಆದರೆ ಒಂದು ತೊಂದರೆ. ಆ ನಿಘಂಟಿನಲ್ಲಿ ಕತ್ತಿ ಇತ್ತು, ಕೈದಿ ಇದ್ದ, ಮುತ್ತಿಗೆ ಇತ್ತು, ಮಾನ ಅವಮಾನ ಎಲ್ಲ ಇತ್ತು. ಜರಡಿ ಇರಲಿಲ್ಲ. ಬಟ್ಟೆಗೆ ಹಾಕುವ ಕ್ಲಿಪ್ಪು, ಕಾಲೊರೆಸು, ಪೊರಕೆ ಯಾವುದೂ ಇರಲಿಲ್ಲ. ಯೋಧರ ಮನೆಯಲ್ಲಿ ಕಸ ಗುಡಿಸುವವರು ಯಾರೋ, ದೇವರೇ ಬಲ್ಲ. ಹಾಗಾಗಿ ಮನೆಯ ಸಾಮಾನಿಗೆಲ್ಲ ಇವರೇ ಹೆಸರಿಡಬೇಕಾಯಿತು.

ಅದಕ್ಕೊಂದು ಪದ್ಧತಿ ಇತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ವಸ್ತುವನ್ನು ತಂದು ಮೇಜಿನ ನಡುವೆ ಇಡಬೇಕು. ನಿಘಂಟಿನಲ್ಲಿ ಇರುವ ಮಾತುಗಳನ್ನೇ ಜೋಡಿಸಬೇಕು, ಗಾಳಿಯಲ್ಲಿ ಹುಟ್ಟಿಸುವ ಹಾಗಿಲ್ಲ. ಇಬ್ಬರೂ ಒಪ್ಪಬೇಕು. ಅಷ್ಟಾದರೂ ಸಾಲದು. ಮಾರನೆಯ ದಿನ ಬೆಳಿಗ್ಗೆ ಯಾರೂ ನೆನಪಿಸದೆ ಇಬ್ಬರ ಬಾಯಿಗೂ ಅದು ತಾನಾಗಿ ಬಂದರೆ ಮಾತ್ರ ಪದ ಗೆದ್ದಂತೆ. ಗೆದ್ದ ಪದವನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಒಂದೊಂದು ಗೀಟು ಹಾಕುತ್ತಿದ್ದರು. ಇಸ್ತ್ರಿಪೆಟ್ಟಿಗೆಗೆ 'ಬಟ್ಟೆಯನ್ನು ಶರಣಾಗಿಸುವುದು' ಎಂದಿಟ್ಟರು. ಜರಡಿಗೆ 'ಕೈದಿಗಳನ್ನು ಹಿಡಿದು ನೀರನ್ನು ಬಿಟ್ಟುಬಿಡುವುದು'. ಪೊರಕೆ 'ಧೂಳನ್ನು ಗಡೀಪಾರು ಮಾಡುವುದು', ಕಾಲೊರೆಸು 'ಕೊಳೆಯ ಗಡಿ'. ಸೀಟಿ ಹೊಡೆಯುವ ಕುಕ್ಕರಿಗೆ 'ದಾಳಿಗೆ ಮೊದಲು ಕೂಗುವ ಪಾತ್ರೆ' ಎಂದಿಟ್ಟ ದಿನ ಇಬ್ಬರೂ ನೆಲದ ಮೇಲೆ ಬಿದ್ದು ನಕ್ಕಿದ್ದರು. ಅತ್ತೆ ತೀರಿಹೋದಳು, ಮನೆ ಬದಲಾಯಿತು, ಅಕ್ಕ ಲಾಂಡ್ರಿ ಸೇರಿ ತಂಗಿಯನ್ನು ಓದಿಸಿದಳು, ತಂಗಿ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವ ಕೆಲಸಕ್ಕೆ ಸೇರಿದಳು. ನೋಟ್‌ಬುಕ್ಕು ಮಾತ್ರ ತುಂಬುತ್ತಲೇ ಹೋಯಿತು. ಇನ್ನೂರ ಹದಿನಾಲ್ಕು ಪದ.

ಗೆಲ್ಲಲಾಗದೆ ಉಳಿದದ್ದು ಒಂದೇ, ದಿಂಬು. ಆ ಯೋಧರು ಬರೀ ಹಲಗೆಯ ಮೇಲೆ ಮಲಗುವ ಜಾತಿಯಂತೆ, ಮೆತ್ತಗಿನದನ್ನು ಅವರ ಮಾತಿನಲ್ಲಿ ಹೇಳುವುದು ಹೇಗೆ? ಹನ್ನೊಂದು ವರ್ಷದಲ್ಲಿ ಎಷ್ಟು ಭಾನುವಾರ ದಿಂಬು ಮೇಜು ಹತ್ತಿತೋ ಲೆಕ್ಕವಿಲ್ಲ. ಪ್ರತಿ ಸಲವೂ ಸೋಮವಾರ ಬೆಳಿಗ್ಗೆ ಒಬ್ಬಳಿಗೆ ನೆನಪಿದ್ದರೆ ಇನ್ನೊಬ್ಬಳಿಗೆ ಮರೆತಿರುತ್ತಿತ್ತು.

ಮೂವತ್ತೊಂದಕ್ಕೆ ತಂಗಿ ಮದುವೆಯಾದಳು. ಹುಡುಗ ಕೀಲಿಕೈ ಮಾಡುವವನು. ಕನ್ನಡಕದ ಅಂಗಡಿಯ ಎದುರಿಗೇ ಅವನದೊಂದು ಡಬ್ಬದಂಥ ಅಂಗಡಿ. ಗೋಡೆ ತುಂಬ ಹಲ್ಲು ಕೊರೆಯದ ಖಾಲಿ ಕೀಲಿಕೈಗಳು, ನಡುವೆ ಕಿರ್ರೆನ್ನುವ ಒಂದು ಯಂತ್ರ. ಸಾಧು ಮನುಷ್ಯ, ಮಾತು ಕಮ್ಮಿ. ಅಕ್ಕ ಮನಸ್ಸಿನೊಳಗೆ ಅವನಿಗೆ 'ಬೀಗದವನು' ಎಂದು ಹೆಸರಿಟ್ಟಳು. ಅವನೋ ಮೊದಲ ದಿನವೇ, "ಅಕ್ಕಾ, ನೀವೇನೂ ಯೋಚ್ನೆ ಮಾಡ್ಬೇಡಿ, ಇದು ನಿಮ್ಮದೇ ಮನೆ" ಅಂದ. ಅಕ್ಕನಂತೆ! ಇವಳಿಗೆ ಮೈಯೆಲ್ಲ ಉರಿದುಹೋಯಿತು. ನಿನಗ್ಯಾವ ಸೀಮೆಯ ಅಕ್ಕನಯ್ಯಾ ನಾನು, ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿ ನಕ್ಕಳು.

ತಂಗಿಯ ಮನೆ ಎರಡೇ ಬೀದಿ ಆಚೆ, ಮಹಡಿಯ ಮೇಲೆ. ಭಾನುವಾರದ ಪದ್ಧತಿ ಅಲ್ಲಿಗೆ ಹೋಯಿತು, ನೋಟ್‌ಬುಕ್ಕೂ ಹೋಯಿತು. ಇಬ್ಬರೂ ಮೇಜಿನ ಹತ್ತಿರ ಕೂತು ಗಂಟಲು ಕೆರೆಯುತ್ತಾ ನಗುತ್ತಿದ್ದರೆ ಅವನು ಮೂಲೆಯಲ್ಲಿ ತುಟಿ ಪಿಟಕ್ಕೆನ್ನದೆ ಕೂತಿರುತ್ತಿದ್ದ. ನಿಜ ಹೇಳಬೇಕೆಂದರೆ ಅಕ್ಕನಿಗೆ ಅದರಿಂದ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಉಳಿದ ಆರು ದಿನ ನಿನ್ನವು, ಈ ಮಧ್ಯಾಹ್ನ ನನ್ನದು ಅನ್ನಿಸುತ್ತಿತ್ತು.

ನಾಲ್ಕು ತಿಂಗಳಾಗಿತ್ತೇನೋ. ಒಂದು ಭಾನುವಾರ ಅಕ್ಕ ಬಾಗಿಲಿಗೆ ಬಂದಾಗ ಬೀಗದವನು ಎದ್ದು ನಿಂತು, ಕಷ್ಟಪಟ್ಟು, ಗಂಟಲು ಸರಿಮಾಡಿಕೊಂಡು ಕ್ಲಿಂಗಾನಿನಲ್ಲಿ ಕೇಳಿದ, "ಮನೆಗೆ ಬಂದವರಿಗೆ ಏನನ್ನಬೇಕು?"

ಅಕ್ಕ ತಂಗಿಯ ಕಡೆ ನೋಡಿದಳು. ತಂಗಿ ನಗುತ್ತಾ, "ಕಲೀತಿದ್ದಾರೆ ಅಕ್ಕಾ. ನಾನೇ ಹೇಳ್ಕೊಡ್ತಿದ್ದೀನಿ. ಇದೊಂದನ್ನ ನಿನ್ನ ಹತ್ರಾನೇ ಕೇಳ್ಬೇಕಂತೆ" ಅಂದಳು.

ಪಿತ್ತ ನೆತ್ತಿಗೇರಿದರೂ ಅಕ್ಕ ತೋರಿಸಿಕೊಳ್ಳಲಿಲ್ಲ. ಬಹಳ ಗಂಭೀರವಾಗಿ ಅವನಿಗೆ ಒಂದು ಮಾತು ಕಲಿಸಿದಳು. ಅದರ ಅರ್ಥ 'ಶರಣಾಗು, ಇಲ್ಲವೇ ಸಾಯಿ'. ಅವನು ಮೂರು ಸಲ ಹೇಳಿ ಬಾಯಿಪಾಠ ಮಾಡಿಕೊಂಡ. ತಂಗಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಮುಂದಿನ ವಾರ ಅಕ್ಕ ಬಂದ ಕೂಡಲೇ ಬಾಗಿಲು ತೆಗೆದು, ಕೈ ಜೋಡಿಸಿ, ಬಲು ಮರ್ಯಾದೆಯಿಂದ, "ಶರಣಾಗು, ಇಲ್ಲವೇ ಸಾಯಿ" ಅಂದ. ಅವನು ಪೆಚ್ಚಾಗುತ್ತಾನೆ ಎಂದುಕೊಂಡಿದ್ದಳಲ್ಲ, ಆದದ್ದೇ ಬೇರೆ. ತಂಗಿ ಅರ್ಥ ಬಿಡಿಸಿ ಹೇಳಿದಾಗ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅಂದಿನಿಂದ ಆ ಮನೆಯಲ್ಲಿ ಗಂಡ ಹೆಂಡಿರು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗಲೂ ಒಬ್ಬರಿಗೊಬ್ಬರು ಅದನ್ನೇ ಹೇಳತೊಡಗಿದರು. ಕೆಡಿಸಲು ಹೋಗಿ ಅಕ್ಕ ತಾನೇ ಅವರಿಗೊಂದು ಮುದ್ದಿನ ಮಾತು ಹುಡುಕಿಕೊಟ್ಟಂತಾಯಿತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಒಂದು ಭಾನುವಾರ ತಂಗಿ ಸುಮ್ಮನೆ ತಮಾಷೆಗೆ ದಿಂಬನ್ನು ತಂದು ಮೇಜಿನ ಮೇಲಿಟ್ಟಳು. "ಇನ್ನೊಂದ್ಸಲ ನೋಡೋಣ ಅಕ್ಕಾ." ಅಕ್ಕ ಯೋಚಿಸುವಂತೆ ಮುಖ ಮಾಡಿದಳು. ಮೂಲೆಯಿಂದ ಬೀಗದವನ ಅಳುಕಿದ ದನಿ ಬಂತು. ಎರಡೇ ಮಾತು ಜೋಡಿಸಿದ್ದ. ತಲೆಯ ಕದನವಿರಾಮ.

ತಂಗಿ, "ಅಯ್ಯೋ!" ಎಂದು ದಿಂಬನ್ನು ಎತ್ತಿ ಎದೆಗವಚಿಕೊಂಡಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹನ್ನೊಂದು ವರ್ಷ ಅಕ್ಕಾ! ಹನ್ನೊಂದು ವರ್ಷ ನಾವು ಗುದ್ದಾಡಿದ್ವಿ!"

ಪದ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಅಕ್ಕ ಬೆನ್ನು ತಟ್ಟಿ ಹೋಗಲಿ ಬಿಡಿ ಅನ್ನುತ್ತಿದ್ದಳು. ಚೆನ್ನಾಗಿದ್ದದ್ದನ್ನೇ ಅವಳಿಗೆ ಸಹಿಸಲಾಗಲಿಲ್ಲ. "ಪರವಾಗಿಲ್ಲ" ಅಂದಳು. "ಆದ್ರೆ ನಾಳೆ ಬೆಳಿಗ್ಗೆ ನಂಗೆ ನೆನಪಿರುತ್ತೋ ಇಲ್ವೋ." ರಾತ್ರಿಯಿಡೀ ಅದು ಅವಳ ತಲೆಯಿಂದ ಇಳಿದಿದ್ದರೆ ತಾನೆ? ಬೆಳಿಗ್ಗೆ ಎಂಟಕ್ಕೆ ತಂಗಿ ಫೋನು ಮಾಡಿ, ರಾತ್ರಿ ಸರಿಯಾಗಿ ನಿದ್ದೆ ಬಂತಾ ಎಂದು ಕೇಳುತ್ತಾ, ಯಾರೂ ನೆನಪಿಸದೆ, ದಿಂಬನ್ನು ಆ ಹೆಸರಿನಿಂದಲೇ ಕರೆದಳು. ಅಕ್ಕ ಈ ಕಡೆಯಿಂದ ಸುಳ್ಳು ಹೇಳಿದಳು. "ಯಾವುದದು? ನಂಗೆ ಮರೆತೇಹೋಗಿದೆ ನೋಡು."

ಮುಂದಿನ ವಾರ ನೋಟ್‌ಬುಕ್ಕು ತೆರೆದಾಗ ಇನ್ನೂರ ಹದಿನೈದನೆಯ ಸಾಲು ಬರೆದಾಗಿತ್ತು. ಪಕ್ಕದಲ್ಲಿ ಎರಡು ಗೀಟು. ಒಂದು ತಂಗಿಯದು. ಇನ್ನೊಂದು ಅಕ್ಕನದಲ್ಲ.

ಅಕ್ಕ ಅದನ್ನು ನೋಡಿಯೂ ನೋಡದ ಹಾಗೆ ಪುಟ ತಿರುವಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಒಳಗೊಳಗೇ ಕುದಿದಳು. ಇವಳನ್ನು ಬೆನ್ನ ಮೇಲೆ ಹೊತ್ತು ತಿರುಗಿದ್ದು ನಾನು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದು ನಾನು, ಭಾಷೆ ಹುಡುಕಿ ತಂದದ್ದು ನಾನು. ನಿನ್ನೆ ಮೊನ್ನೆ ಬಂದವನು ಗೀಟು ಹಾಕುತ್ತಾನೆ! ಬೀಗದವನಿಗೆ ತಂಗಿ ಸಿಕ್ಕಳು, ಮನೆ ಸಿಕ್ಕಿತು, ಭಾನುವಾರವೂ ಸಿಕ್ಕಿತು. ಇನ್ನೊಂದು ವರ್ಷ ಬಿಟ್ಟರೆ ಈ ಪದಗಳನ್ನು ಹುಟ್ಟಿಸಿದ್ದೇ ಅವನು ಅಂದಾರು. ನಂದು ಅನ್ನುವುದಕ್ಕೆ ಸಾಕ್ಷಿ ಏನಿದೆ?

ಸಾಕ್ಷಿ ಬೇಕು ಅನ್ನಿಸಿದ ಮೇಲೆ ಮನುಷ್ಯರಿಗೆ ಬುದ್ಧಿ ನೆಟ್ಟಗೆ ಓಡುವುದಿಲ್ಲ. ಕ್ಲಿಂಗಾನ್ ಆಡುವವರೆಲ್ಲ ಸೇರುವ ಒಂದು ಕಟ್ಟೆ ಇಂಟರ್‌ನೆಟ್ಟಿನಲ್ಲಿತ್ತು. ಯಾರು ಬೇಕಾದರೂ ತಾವು ಕಟ್ಟಿದ ಪದಗಳನ್ನು ಅಲ್ಲಿ ಹಾಕಬಹುದು, ಪಕ್ಕದಲ್ಲಿ ಕಟ್ಟಿದವರ ಹೆಸರು ಇರುತ್ತದೆ. ಅಕ್ಕ 'ಒಂದು ವಾರ ಓದ್ಕೊಳ್ತೀನಿ' ಎಂದು ನೋಟ್‌ಬುಕ್ಕನ್ನು ಕೇಳಿ ತಂದಳು. ಲಾಂಡ್ರಿಯಲ್ಲಿ ಊಟದ ಬಿಡುವಿನಲ್ಲಿ, ಕಲೆ ತೆಗೆಯುವ ಮೇಜಿನ ಮೂಲೆಯಲ್ಲಿ ಕೂತು, ಉಗಿಯಿಂದ ನೆಂದ ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತಾ, ಒಂದೊಂದನ್ನೇ ಫೋನಿನಲ್ಲಿ ಒತ್ತಿದಳು. ಇನ್ನೂರ ಹದಿನಾಲ್ಕು ಪದ. ಇನ್ನೂರ ಹದಿನೈದನೆಯದನ್ನು ಬೇಕೆಂದೇ ಬಿಟ್ಟಳು. ಕಟ್ಟಿದವರು ಎಂಬಲ್ಲಿ ತನ್ನೊಬ್ಬಳ ಹೆಸರು ಬರೆದಳು. ತಂಗಿಯ ಹೆಸರು ಬರೆಯಬೇಕೆನ್ನಿಸಿ ಬೆರಳು ಒಂದು ಸಲ ನಿಂತಿತು. ಅವಳ ಹೆಸರು ಬರೆದರೆ ಅದರ ಹಿಂದೆ ಅವನೂ ಬಾಲದಂತೆ ಬರುತ್ತಾನೆ ಅನ್ನಿಸಿತು. ಬರೆಯಲಿಲ್ಲ.

ಆಮೇಲೆ ಹದಿನೈದು ದಿನ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲೆಲ್ಲಿಯವರೋ ಬರೆದರು. ಒಬ್ಬ ಶಿಕ್ಷಕ ತನ್ನ ಮನೆಯ ಇಸ್ತ್ರಿಪೆಟ್ಟಿಗೆಗೆ ಚೀಟಿ ಅಂಟಿಸಿ ಫೋಟೋ ಹಾಕಿದ. ಒಬ್ಬ ಅಜ್ಜಿ ತಾನು ಇನ್ನು ಮೇಲೆ ಧೂಳನ್ನು ಗಡೀಪಾರು ಮಾಡುವುದಾಗಿ ಘೋಷಿಸಿದಳು. 'ಇಂಥ ತಲೆ ಎಲ್ಲಿತ್ತು ಇಷ್ಟು ದಿನ' ಎಂದು ಯಾರೋ ಹೊಗಳಿದರು. ಅಕ್ಕ ಅಂಗಿಯ ಕಾಲರ್ ಬಿಟ್ಟು ತೋಳಿಗೆ ಕೈ ಹಾಕಿದ್ದನ್ನು ನೋಡಿ ಮಾಲೀಕ, "ಏನಮ್ಮಾ, ಹುಷಾರಾಗಿದೀಯ ತಾನೆ?" ಎಂದು ಕೇಳಿದ.

ಗುಟ್ಟು ರಟ್ಟಾದದ್ದು ಬೀಗದವನಿಂದಲೇ. ಪಾಪ, ಅವನಿಗೆ ಕಲಿಯುವ ಹುಮ್ಮಸ್ಸು. ಹುಡುಕುತ್ತಾ ಹುಡುಕುತ್ತಾ ಅದೇ ಕಟ್ಟೆಗೆ ಹೋಗಿ ಮುಟ್ಟಿದ್ದಾನೆ. ಅಕ್ಕನ ಹೆಸರು ಕಂಡದ್ದೇ ತಡ, ಅಂಗಡಿಗೆ ಬಾಗಿಲು ಹಾಕಿಕೊಂಡು ಎದುರಿನ ಕನ್ನಡಕದ ಅಂಗಡಿಗೆ ಓಡಿ, "ನೋಡು, ನೋಡು, ನಮ್ಮಕ್ಕನ್ನ ಊರೆಲ್ಲ ಹೊಗಳ್ತಿದ್ದಾರೆ!" ಎಂದು ಹೆಂಡತಿಗೆ ತೋರಿಸಿದ್ದಾನೆ. ಅವನ ಮನಸ್ಸಿನಲ್ಲಿ ಹೆಮ್ಮೆ ಬಿಟ್ಟು ಇನ್ನೇನೂ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ತಂಗಿ ಲಾಂಡ್ರಿಗೆ ಬಂದಳು. ಯಾವತ್ತೂ ಬಂದವಳಲ್ಲ. ಪ್ಲಾಸ್ಟಿಕ್ ಕವರು ಹೊದ್ದು ತೂಗುಹಾಕಿದ್ದ ಕೋಟುಗಳ ಸಾಲಿನ ಆಚೆ ನಿಂತಳು. ಅಕ್ಕ ಸಂಭ್ರಮದಿಂದ ಕ್ಲಿಂಗಾನಿನಲ್ಲೇ, "ಏನೇ ಇಷ್ಟು ಹೊತ್ನಲ್ಲಿ?" ಅಂದಳು.

"ಎಲ್ರಿಗೂ ಅರ್ಥ ಆಗೋ ಹಾಗೆ ಮಾತಾಡು ಅಕ್ಕಾ" ಅಂದಳು ತಂಗಿ. "ಹೇಗಿದ್ರೂ ಈಗ ಅದು ಎಲ್ರದೂ ತಾನೆ?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ನಿನ್ನ ಹೆಸರು ಹಾಕಿಲ್ಲ ಅಂತ ತಾನೆ? ಇವತ್ತೇ ಹಾಕ್ತೀನಿ" ಅಂದಳು.

"ಹೆಸರು ಹಾಳಾಗ್ಲಿ! ಯಾರಿಗೆ ಬೇಕು ಹೆಸರು? ಅಮ್ಮ ತೀರ್ಕೊಂಡ ವರ್ಷ ನಾವಿಬ್ರೂ ಏನೇನು ಮಾತಾಡಿದ್ವಿ ಅದ್ರಲ್ಲಿ? ಅಳು ಬಂದ್ರೆ ಅತ್ತೆಗೆ ಗೊತ್ತಾಗ್ಬಾರ್ದು ಅಂತ ಆ ಪದ ಎಲ್ಲ ಮಾಡಿದ್ದು ನಾವು. ಅದನ್ನ ತಗೊಂಡ್ಹೋಗಿ ಬೀದಿಲಿ ಇಟ್ಬಿಟ್ಯಲ್ಲ."

"ಮೊದ್ಲು ಬೀದಿಗೆ ತಂದಿದ್ದು ಯಾರು?" ಅಕ್ಕನ ದನಿ ಏರಿತು. "ಅವರಿಗೆ ಕಲಿಸು ಅಂತ ನಾನು ಹೇಳಿದ್ನಾ? ಗೀಟು ಹಾಕ್ಸು ಅಂತ ನಾನು ಹೇಳಿದ್ನಾ? ಇಪ್ಪತ್ತೊಂದು ವರ್ಷ ಇಬ್ರೇ ಇದ್ವಿ. ನಂಗೆ ಹೊಟ್ಟೆ ಉರೀತು ಕಣೇ, ಏನೀಗ? ಹೌದು, ಹೊಟ್ಟೆಕಿಚ್ಚು. ನನ್ನ ಜಾಗದಲ್ಲಿ ಅವರು ಬಂದು ಕೂತ್ರು."

"ಅವರು ಯಾಕೆ ಕಲಿತ್ರು ಗೊತ್ತಾ ನಿಂಗೆ?" ಅಂದಳು ತಂಗಿ. "ನನ್ಜೊತೆ ಮಾತಾಡಕ್ಕೆ ಅವರಿಗೆ ಬೇರೆ ಭಾಷೆ ಬೇಕಿರ್ಲಿಲ್ಲ. 'ನಿಮ್ಮಕ್ಕ ನನ್ ಮುಖಾನೇ ನೋಡಲ್ಲ, ಇದನ್ನ ಕಲಿತ್ರೆ ನನ್ಜೊತೆ ಒಂದ್ಮಾತಾದ್ರೂ ಆಡ್ಬಹುದು' ಅಂದ್ರು. ನಿನಗೋಸ್ಕರ ಕಲಿತಿದ್ದು ಅಕ್ಕಾ. ಆ ದಿಂಬಿನ ಪದಾನೂ ನಿನ್ಗೆ ಒಪ್ಸೋಕೇ ಅಂತ ಒಂದು ತಿಂಗಳು ಅಂಗಡೀಲಿ ಕೂತು ಯೋಚ್ನೆ ಮಾಡಿದ್ರು."

ತಂಗಿ, "ಆ ನೋಟ್‌ಬುಕ್ಕು ನಿನ್ನ ಹತ್ರಾನೇ ಇರ್ಲಿ, ವಾಪಸ್ ತರ್ಬೇಡ" ಎಂದು ಹೇಳಿ ಹೊರಟುಹೋದಳು. ಅಕ್ಕ ಅಂದು ಒಂದು ರೇಷ್ಮೆ ಅಂಗಿಯ ಬೆನ್ನನ್ನು ಸುಟ್ಟಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಸಂಜೆ ಆ ಕಟ್ಟೆಯವರಿಗೆ ಬರೆದಳು, ನನ್ನ ಪದಗಳನ್ನೆಲ್ಲ ತೆಗೆದುಬಿಡಿ ಎಂದು. ಅವರು ಬಹಳ ಪ್ರೀತಿಯಿಂದ ಉತ್ತರ ಕೊಟ್ಟರು. ಪಟ್ಟಿಯಿಂದ ಬೇಕಾದರೆ ತೆಗೆಯುತ್ತೇವೆ ತಾಯಿ, ಜನರ ಬಾಯಿಂದ ತೆಗೆಯುವುದು ಹೇಗೆ? ಆಗಲೇ ಎಷ್ಟೋ ಮನೆಗಳಲ್ಲಿ ಯಾರೂ ನೆನಪಿಸದೆ ಆಡುತ್ತಿದ್ದಾರಲ್ಲ. ಅಕ್ಕ ಅದನ್ನು ಓದಿ ಫೋನನ್ನು ಮಗುಚಿಟ್ಟಳು.

ಎರಡು ಭಾನುವಾರ ಹೋಗಲಿಲ್ಲ. ಮೂರನೆಯದಕ್ಕೆ ತಡೆಯಲಾರದೆ ಹೊರಟಳು. ಬರಿಗೈಲಿ ಹೋಗಲು ಮನಸ್ಸಾಗದೆ ಪಾತ್ರೆ ಅಂಗಡಿಗೆ ಹೊಕ್ಕು ನಿಂಬೆಹಣ್ಣು ಹಿಂಡುವ ಒಂದು ಸ್ಟೀಲಿನ ಸಾಧನ ಕೊಂಡಳು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಎರಡು ದವಡೆಗಳ ನಡುವೆ ಸಿಕ್ಕಿಸಿ ಹಿಂಡುವ ವಸ್ತು, ಯೋಧರ ಭಾಷೆಗೆ ಹೇಳಿ ಮಾಡಿಸಿದ ಹಾಗಿದೆ, ತಂಗಿಗೆ ನಗದೆ ಇರಲಾಗುವುದಿಲ್ಲ ಎಂದುಕೊಂಡಳು.

ಬಾಗಿಲು ತೆರೆದವನು ಬೀಗದವನೇ. "ಬನ್ನಿ ಅಕ್ಕಾ" ಅಂದ, ಅಷ್ಟೇ. ಈ ಸಲ ಅಕ್ಕ ಅವನ ಮುಖ ನೋಡಿ, "ಚೆನ್ನಾಗಿದೀರಾ?" ಎಂದು ಕೇಳಿದಳು. ಅವನು ಸಂಕೋಚದಿಂದ ತಲೆಯಾಡಿಸಿದ. ಊಟ ಬಡಿಸುತ್ತಿದ್ದ ತಂಗಿ ಮುಖ ಗಂಟಿಕ್ಕಲಿಲ್ಲ. ಬೆನ್ನು ನೋವು ಹೇಗಿದೆ ಎಂದು ವಿಚಾರಿಸಿದಳು, ಇನ್ನೊಂದು ಸೌಟು ಹಾಕಿದಳು, ಅನ್ನ ಮೆತ್ತಗಾಯಿತು ಅಂದಳು. ಎಲ್ಲವೂ ನೆಟ್ಟಗಿತ್ತು. ನೆಟ್ಟಗಿದ್ದದ್ದೇ ಅಕ್ಕನಿಗೆ ಹೆದರಿಕೆ ಹುಟ್ಟಿಸಿತು.

ಊಟವಾದ ಮೇಲೆ ಅಕ್ಕ ಚೀಲದಿಂದ ಅದನ್ನು ತೆಗೆದು ಮೇಜಿನ ನಡುವೆ ಇಟ್ಟಳು. ಬೀಗದವನ ಕಣ್ಣು ಮಿಂಚಿತು, ಬಾಯಿ ತೆರೆಯಿತು. ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಅಕ್ಕ ಗಂಟಲು ಸರಿಮಾಡಿಕೊಂಡು ಕ್ಲಿಂಗಾನಿನಲ್ಲಿ ಕೇಳಿದಳು, "ಇದಕ್ಕೆ ಏನು ಹೆಸರಿಡೋಣ? ಮೂವರೂ ಸೇರಿ?" ಮೂವರೂ ಅನ್ನುವ ಮಾತನ್ನು ಹೇಳಲು ಅವಳು ದಾರಿಯುದ್ದಕ್ಕೂ ತನ್ನನ್ನು ತಾನೇ ತಯಾರು ಮಾಡಿಕೊಂಡು ಬಂದಿದ್ದಳು.

ತಂಗಿ ಅದನ್ನು ಎತ್ತಿಕೊಂಡು ಒಂದು ಸಲ ತೆರೆದು ಮುಚ್ಚಿ ನೋಡಿದಳು.

"ಚೆನ್ನಾಗಿದೆ ಅಕ್ಕಾ, ತಗೋಬೇಕು ಅಂತಿದ್ದೆ" ಅಂದಳು. "ನಿಂಬೆಹಣ್ಣು ಹಿಂಡೋದು ಅಂತ ಹೆಸರಿದೆಯಲ್ಲ, ಸಾಲ್ದಾ?" ಎದ್ದು ಹೋಗಿ ಅದನ್ನು ಚಮಚಗಳ ಡ್ರಾಯರಿನಲ್ಲಿ ಹಾಕಿ ಮುಚ್ಚಿದಳು.

ಅಕ್ಕ ಸ್ವಲ್ಪ ಹೊತ್ತು ಕೂತಿದ್ದು ಎದ್ದಳು. ಇಬ್ಬರೂ ಬಾಗಿಲವರೆಗೆ ಬಂದರು, ಹುಷಾರಾಗಿ ಹೋಗು ಅಂದರು, ಕದ ಹಾಕಿದರು. ಅಕ್ಕ ಮೆಟ್ಟಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಿರುವಾಗ ಒಳಗಿನಿಂದ ಡ್ರಾಯರು ಎಳೆದ ಸದ್ದು ಬಂತು. ಆಮೇಲೆ ಬೀಗದವನ ದನಿ. ಗಂಟಲಿನ ತಳದಿಂದ, ತಡವರಿಸದೆ, ಏನೋ ಒಂದು ಪದ. ಆಮೇಲೆ ತಂಗಿಯ ನಗು. ಅವಳು ಅದನ್ನು ಸ್ವಲ್ಪ ತಿದ್ದಿ ಇನ್ನೊಂದು ಸಲ ಹೇಳಿದಳು. ಇಬ್ಬರೂ ಸೇರಿ ಮತ್ತೊಂದು ಸಲ ಹೇಳಿದರು.

ಅಕ್ಕ ಕಿವಿ ನೆಟ್ಟಗೆ ಮಾಡಿ ನಿಂತಳು. ಬಿಡಿಬಿಡಿ ಮಾತು ಅಲ್ಲೊಂದು ಇಲ್ಲೊಂದು ಪರಿಚಯದ್ದು. ಕೂಡಿಸಿದರೆ ಅರ್ಥವಾಗಲಿಲ್ಲ. ಅದು ನಿಂಬೆಹಣ್ಣು ಹಿಂಡುವುದಕ್ಕೆ ಇಟ್ಟ ಹೆಸರೋ, ಬೇರೆ ಯಾವುದಕ್ಕೆ ಇಟ್ಟದ್ದೋ, ತನಗೇ ಇಟ್ಟದ್ದೋ, ತಿಳಿಯಲಿಲ್ಲ. ಕದ ತಟ್ಟಿ ಕೇಳಿದ್ದರೆ ತಂಗಿ ಹೇಳದೆ ಇರುತ್ತಿರಲಿಲ್ಲ. ಬೀದಿಯವರಿಗೆ ಹೇಳುವ ಹಾಗೆ, ನಗುನಗುತ್ತಾ, ಬಿಡಿಸಿ ಹೇಳುತ್ತಿದ್ದಳು. ಅಕ್ಕ ಕದ ತಟ್ಟಲಿಲ್ಲ.